ಲಿಬಿಯಾ ಮ್ಯಾಪಲ್ಲಿ ಚುಕ್ಕಿ ಚುಕ್ಕಿ ನದಿ

ಹೋದ ತಿಂಗಳು ನಮ್ಮೂರ ಲೈಬ್ರರಿ ಮಹಡಿ ಮೇಲೆ ಭಾನುವಾರದ ಮಾತುಕತೇಲಿ ಲಿಬಿಯಾ ದೇಶದ ನೆಲ, ನೀರು, ಎಣ್ಣೆ ಬಗ್ಗೆ ಮಾತಾಡಿದ್ದೆ. ಬಂದಿದ್ದೋರು ಇಪ್ಪತ್ತೈದು ಮೂವತ್ತು ಜನ, ಅವರಲ್ಲಿ ಯಾರೋ ಪುಣ್ಯಾತ್ಮರು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ರು, ಅದನ್ನ ಕೇಳಿಕೊಂಡು ಟೈಪ್ ಮಾಡಿರೋದು ಇದು. ನಾನು ಕೆಮ್ಮಿದ್ದು, ಪ್ರೊಜೆಕ್ಟರ್ ಕೈಕೊಟ್ಟಿದ್ದು, ಮಧ್ಯ ಕಾಫಿ ಬಂದಿದ್ದು ಬಿಟ್ಟು ಮಿಕ್ಕಿದ್ದು ಹೆಚ್ಚೂಕಮ್ಮಿ ಹಾಗೇ ಇದೆ.

ಎಲ್ರಿಗೂ ನಮಸ್ಕಾರ. ಪ್ರೊಜೆಕ್ಟರ್ ಇವತ್ತು ಮುನಿಸಿಕೊಂಡಿದೆ, ಅದಕ್ಕೆ ಗೋಡೆಗೆ ಅಂಟಿಸಿರೋ ಈ ಹಳೇ ಮ್ಯಾಪೇ ಗತಿ. ಮೇಲೆ ನೀಲಿ ಇರೋದು ಮೆಡಿಟರೇನಿಯನ್ ಸಮುದ್ರ, ಅದರಾಚೆ ಇಟಲಿ, ಬಲಗಡೆ ಈಜಿಪ್ಟ್, ಎಡಗಡೆ ಟ್ಯುನೀಷಿಯಾ ಮತ್ತೆ ಅಲ್ಜೀರಿಯಾ, ಕೆಳಗೆ ನೈಜರ್, ಚಾಡ್, ಮೂಲೇಲಿ ಚೂರೇ ಚೂರು ಸುಡಾನ್. ಮಧ್ಯ ಇರೋ ಈ ದೊಡ್ಡ ಹಳದಿ ಹಾಳೆ ಲಿಬಿಯಾ. ಈಗ ಯಾರಾದ್ರೂ ಮಕ್ಕಳು ಎದ್ದು ಬಂದು ಇದರಲ್ಲಿ ಒಂದು ನದಿ ತೋರಿಸ್ಬೇಕು, ಅಷ್ಟೇ ಪ್ರಶ್ನೆ.

ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಬಂದ. ಮೂಗು ಮ್ಯಾಪಿಗೆ ತಾಗೋ ಹಾಗೆ ನಿಂತು ಒಂದೆರಡು ನಿಮಿಷ ಹುಡುಕಿದ, ಆಮೇಲೆ ಮೇಲ್ಗಡೆ ಬಲಕ್ಕೆ ಬೆರಳಿಟ್ಟು "ಸಾರ್, ನದಿ ಇಲ್ಲ, ಇಲ್ಲಿ ಚುಕ್ಕಿ ಚುಕ್ಕಿ ಗೆರೆ ಇದೆ ಅಷ್ಟೇ" ಅಂದ. ಭೇಷ್ ಅಂದೆ. ಆ ಚುಕ್ಕಿ ಗೆರೆಗೆ ಅಲ್ಲಿಯವರು ವಾದಿ ಅಂತಾರೆ, ನಮ್ಮ ಕೋರ್ಟಿನ ವಾದಿ ಪ್ರತಿವಾದಿ ಅಲ್ಲ, ಮಳೆ ಬಂದಾಗ ಮಾತ್ರ ಹರಿದು ಮಿಕ್ಕಿದ ದಿನ ಕಲ್ಲು ಮರಳು ಬಿಟ್ಟುಕೊಂಡು ಒಣಗಿ ಮಲಗಿರೋ ಹಳ್ಳ. ವರ್ಷಪೂರ್ತಿ ಹರಿಯೋ ನದಿ ಅನ್ನೋದು ಆ ದೇಶದಲ್ಲಿ ಒಂದೂ ಇಲ್ಲ. ಆ ಹುಡುಗ ಬೆರಳಿಟ್ಟ ಜಾಗಕ್ಕೆ ಕೊನೇಲಿ ವಾಪಸ್ ಬರ್ತೀನಿ, ನೆನಪಿಟ್ಕೊಳ್ಳಿ.

ದೇಶ ಸಣ್ಣದಲ್ಲ ಸ್ವಾಮಿ. ಸುಮಾರು 17.6 ಲಕ್ಷ ಚದರ ಕಿಮೀ, ನಮ್ಮ ಕರ್ನಾಟಕದಂಥವು ಒಂಬತ್ತು ಹಿಡಿಸುತ್ತೆ. ಜನ ಮಾತ್ರ 70 ಲಕ್ಷದ ಆಸುಪಾಸು, ಬೆಂಗಳೂರೊಂದರ ಜನಕ್ಕಿಂತ ಕಮ್ಮಿ. ಅವರಲ್ಲೂ ಹತ್ತರಲ್ಲಿ ಒಂಬತ್ತು ಪಾಲು ಸಮುದ್ರದ ಅಂಚಿಗೆ ಅಂಟಿಕೊಂಡೇ ಇರೋದು, 1,770 ಕಿಮೀ ಉದ್ದದ ಕರಾವಳಿ, ಅದಕ್ಕೊಂದು ಸೆರಗಿನ ಹಾಗೆ ಸ್ವಲ್ಪ ಹಸಿರು, ಅದರ ಹಿಂದೆ ಸಹಾರಾ. ರಾಜಧಾನಿ ಟ್ರಿಪೋಲಿ ಕಡೆ ವರ್ಷಕ್ಕೆ 300 ಮಿಮೀ ಆಸುಪಾಸು ಮಳೆ, ಅದೂ ಚಳಿಗಾಲದಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಒಂದು ದಿನ ಕಾರಲ್ಲಿ ಹೋದ್ರೆ 100 ಮಿಮೀನೂ ಇಲ್ಲ, ಆಗ್ನೇಯ ಮೂಲೆಯ ಕುಫ್ರಾ ಓಯಸಿಸ್ ಹತ್ರ ಮಳೇನೇ ಬೀಳದ ವರ್ಷಗಳು ಎಷ್ಟೋ.

ಯಾಕೆ ಹೀಗೆ ಅಂದ್ರೆ, ಭೂಮಧ್ಯರೇಖೆ ಹತ್ರ ಬಿಸಿ ಗಾಳಿ ಮೇಲಕ್ಕೆ ಏರುತ್ತೆ, ಏರುವಾಗ ಇರೋ ನೀರನ್ನೆಲ್ಲ ಅಲ್ಲೇ ಕಾಡುಗಳ ಮೇಲೆ ಸುರಿದು, ಖಾಲಿ ಕೈಯಲ್ಲಿ ಉತ್ತರಕ್ಕೆ ಬಂದು 25-30 ಡಿಗ್ರಿ ಅಕ್ಷಾಂಶದ ಹತ್ರ ಕೆಳಗಿಳಿಯುತ್ತೆ, ಇಳಿಯೋ ಗಾಳಿಗೆ ಮೋಡ ಕಟ್ಟೋಕೆ ಬರಲ್ಲ. ಲಿಬಿಯಾ ಸರಿಯಾಗಿ ಅದರ ಕೆಳಗಿದೆ. ಇದೇ ಅಕ್ಷಾಂಶದ ಅಕ್ಕಪಕ್ಕದವರಿಗೆ ಏನೋ ಒಂದು ಆಸರೆ ಸಿಕ್ಕಿದೆ: ಮೊರಾಕೊ ಅಲ್ಜೀರಿಯಾಗೆ ಅಟ್ಲಾಸ್ ಬೆಟ್ಟಸಾಲು, ಅಲ್ಲಿ ಹಿಮ ಬಿದ್ದು ಕರಗಿ ಹೊಳೆಗಳು ಹರಿಯುತ್ತವೆ, ಆ ಬೆಟ್ಟಸಾಲು ಟ್ಯುನೀಷಿಯಾದಲ್ಲೇ ಮುಗಿದುಹೋಗುತ್ತೆ. ಈಜಿಪ್ಟಿಗೆ ನೈಲ್, ಎಲ್ಲೋ ಇಥಿಯೋಪಿಯಾದಲ್ಲಿ ಸುರಿದ ಮಳೆ ಮನೆ ಬಾಗಿಲಿಗೆ ಬರುತ್ತೆ. ಎಡಗಡೆ ಮನೆಯವರಿಗೆ ಬೆಟ್ಟ, ಬಲಗಡೆ ಮನೆಯವರಿಗೆ ಹೊಳೆ, ಮಧ್ಯದ ಮನೆಗೆ ಎರಡೂ ಇಲ್ಲ.

ಮ್ಯಾಪಲ್ಲಿ ಕರಾವಳಿ ನಡುವೆ ಯಾರೋ ಕಚ್ಚಿದ ಹಾಗೆ ಒಳಕ್ಕೆ ಬಂದಿದೆಯಲ್ಲ, ಅದು ಸಿರ್ತ್ ಕೊಲ್ಲಿ. ಅಲ್ಲಿ ಆ ಹಸಿರು ಸೆರಗೂ ಇಲ್ಲ, ಮರಳುಗಾಡು ನೇರವಾಗಿ ಸಮುದ್ರಕ್ಕೆ ಕಾಲು ಚಾಚಿಕೊಂಡಿದೆ. ಇದೊಂದು ಚೂರು ಭೂಗೋಳ ಆ ದೇಶದ ಎಷ್ಟೋ ಇತಿಹಾಸ ಬರೆದಿದೆ ಅಂತ ನನ್ನ ಲೆಕ್ಕ. ಕೊಲ್ಲಿಯ ಪಶ್ಚಿಮಕ್ಕೆ ಟ್ರಿಪೊಲಿಟಾನಿಯಾ, ಪೂರ್ವಕ್ಕೆ ಸಿರೆನೈಕಾ, ಒಳಗಡೆ ಮರಳಲ್ಲಿ ಫೆಜ್ಜಾನ್. ಪೂರ್ವದ ಕಡೆ ಗ್ರೀಕರು ಬಂದು ನೆಲೆಸಿದ್ರು, ಪಶ್ಚಿಮದ ಕಡೆ ಫಿನಿಷಿಯನ್ನರು, ಎರಡಕ್ಕೂ ನಡುವೆ ಈ ಒಣ ಕಚ್ಚು. ಟಿವಿಯಲ್ಲಿ ಈಗಲೂ ಪೂರ್ವದ ಸರ್ಕಾರ ಪಶ್ಚಿಮದ ಸರ್ಕಾರ ಅಂತ ಬರುತ್ತಲ್ಲ, ಅದನ್ನ ಬರೀ ರಾಜಕೀಯ ಅಂತ ನೋಡಿದ್ರೆ ಅರ್ಧ ಮಾತ್ರ ಗೊತ್ತಾಗೋದು.

ಇನ್ನು ಅಲ್ಲಿನ ಗಾಳಿ. 2025ರಲ್ಲಿ ನಿಮ್ಮಲ್ಲಿ ಅರ್ಧ ಜನ ಎಐ ಹತ್ರ ಘಿಬ್ಲಿ ಫೋಟೋ ಮಾಡಿಸಿ ಡಿಪಿ ಹಾಕ್ಕೊಂಡಿದ್ರಲ್ಲ (ನಾನೂ ಹಾಕ್ಕೊಂಡಿದ್ದೆ, ನನ್ನ ಮೊಮ್ಮಗಳು ಮಾಡಿಕೊಟ್ಟಿದ್ದು), ಆ ಹೆಸರು ಲಿಬಿಯಾದ್ದು. ಸಹಾರಾ ಒಳಗಿಂದ ಸಮುದ್ರದ ಕಡೆಗೆ ಬೀಸೋ ಬಿಸಿ ಧೂಳುಗಾಳಿಗೆ ಅಲ್ಲಿ ಗಿಬ್ಲಿ ಅಂತಾರೆ. ಇಟಲಿಯವರು ಲಿಬಿಯಾ ಆಳ್ತಿದ್ದಾಗ ತಮ್ಮ ಒಂದು ವಿಮಾನಕ್ಕೆ ಆ ಹೆಸರಿಟ್ರು, ಆ ವಿಮಾನದ ಹೆಸರನ್ನ ಜಪಾನಿನ ಕಾರ್ಟೂನ್ ಸ್ಟುಡಿಯೋದವರು ಇಟ್ಕೊಂಡ್ರು. ಈ ಗಾಳಿ ಬೀಸಿದ್ರೆ ಕೆಲವೇ ಗಂಟೇಲಿ ತಾಪಮಾನ ದಡದಡ ಏರಿಬಿಡುತ್ತೆ, ಬೆಳೆ ನಿಂತಲ್ಲೇ ಸುಟ್ಟ ಹಾಗಾಗುತ್ತೆ.

ನಾನು ಓದುವಾಗ ಭೂಗೋಳದ ಪುಸ್ತಕದಲ್ಲಿ ಪ್ರಪಂಚದ ಅತಿ ಬಿಸಿ ಜಾಗ ಲಿಬಿಯಾದ ಅಲ್ ಅಜೀಜಿಯಾ, 58 ಡಿಗ್ರಿ, ಅಂತ ಇತ್ತು, ನಾನೇ ಮೂವತ್ತು ವರ್ಷ ಅದನ್ನ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೀನಿ. 1922ರ ಸೆಪ್ಟೆಂಬರ್ 13ರ ದಾಖಲೆ ಅದು. ಸರಿಯಾಗಿ 90 ವರ್ಷ ಆದಮೇಲೆ, 2012ರಲ್ಲಿ, ವಿಶ್ವ ಹವಾಮಾನ ಸಂಸ್ಥೆ ಇದು ತಪ್ಪು ಅಂತ ತಳ್ಳಿಹಾಕ್ತು. ಕಾರಣ ಚೆನ್ನಾಗಿದೆ ಕೇಳಿ. ಆ ದಿನಗಳಲ್ಲಿ ಅಲ್ಲಿ ಬಳಸ್ತಿದ್ದ ಥರ್ಮಾಮೀಟರ್ ಇಂಗ್ಲಿಷ್ ಯು ಅಕ್ಷರದ ಥರದ ಕೊಳವೆ, ಒಳಗೆ ಪಾದರಸದ ಮೇಲೆ ಪುಟ್ಟ ಸೂಜಿಯಂಥ ಗುರುತು ಕೂತಿರುತ್ತೆ, ಪಾದರಸ ಅದನ್ನ ಮೇಲಕ್ಕೆ ತಳ್ಳುತ್ತೆ, ನಾವು ಆ ಸೂಜಿಯ ಕೆಳತುದಿ ಎಲ್ಲಿದೆ ಅಂತ ಓದಬೇಕು. ಹೊಸಬ ಯಾರೋ ಮೇಲಿನ ತುದಿ ಓದಿದ ಅಂತ ಕಾಣುತ್ತೆ. ಸೂಜಿ ಉದ್ದದಷ್ಟು, ಸುಮಾರು 7 ಡಿಗ್ರಿ, ಜಾಸ್ತಿ ಬಂತು. ದಾಖಲೆ ಅಮೆರಿಕದ ಡೆತ್ ವ್ಯಾಲಿಗೆ ಹೋಯ್ತು, ನನ್ನ ಮೂವತ್ತು ವರ್ಷದ ಪಾಠ ನೀರಿಗೆ ಹೋಯ್ತು.

ಸಹಾರಾ ಅಂದ್ರೆ ಬರೀ ಮರಳು ದಿಣ್ಣೆ ಅನ್ನೋದು ಸಿನಿಮಾ ನೋಡಿ ಬಂದ ಕಲ್ಪನೆ. ಲಿಬಿಯಾ ಒಳಗೆ ಮರಳು ಸಮುದ್ರಗಳಿವೆ ನಿಜ, ಉಬಾರಿ, ಮುರ್ಜುಕ್, ಕಲನ್ಶೋ ಅಂತ. ಆದ್ರೆ ಹಮಾದಾ ಅಲ್ ಹಮ್ರಾ ಅನ್ನೋದು ಕೆಂಪು ಕಲ್ಲಿನ ಬಯಲು, ಎಷ್ಟು ಹೊತ್ತು ಹೋದ್ರೂ ಬರೀ ಕಲ್ಲು. ಅಲ್ ಹರೂಜ್ ಅನ್ನೋದು ಕಪ್ಪು ಲಾವಾ ಹರಡಿರೋ ದೊಡ್ಡ ಪ್ರದೇಶ, ಅದರ ದಕ್ಷಿಣಕ್ಕೆ ವಾವ್ ಅನ್ ನಮೂಸ್ ಅಂತ ಸತ್ತ ಜ್ವಾಲಾಮುಖಿಯ ಬಾಯಿ ಇದೆ, ಸುತ್ತ ಹಳದಿ ಮರಳಿನ ಮೇಲೆ ಮಸಿ ಚೆಲ್ಲಿದ ಹಾಗೆ ಕಪ್ಪು ಬೂದಿ, ಒಳಗೆ ಪುಟ್ಟ ಪುಟ್ಟ ಕೆರೆ, ಜೊಂಡು. ಹೆಸರಿನ ಅರ್ಥ ಸೊಳ್ಳೆಗಳ ಓಯಸಿಸ್ ಅಂತ, ನೂರಾರು ಕಿಮೀ ನೀರಿಲ್ಲದ ನೆಲದ ಮಧ್ಯೆ ಸೊಳ್ಳೆ ಹೆಂಗೆ ಬಂತೋ, ಅವಕ್ಕೆ ಅಡ್ರೆಸ್ ಯಾರು ಕೊಟ್ರೋ. ಚಾಡ್ ಗಡೀಲಿ ತಿಬೆಸ್ತಿ ಬೆಟ್ಟದ ತುದಿ ಬಿಕ್ಕು ಬಿತ್ತಿ, 2,260 ಮೀಟರ್ ಮೇಲೆ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ.

ಈಗ ಅಸಲು ಕಥೆಗೆ ಬರೋಣ. ನೈರುತ್ಯ ಮೂಲೇಲಿ, ಅಲ್ಜೀರಿಯಾ ಗಡಿ ಹತ್ರ, ತದ್ರಾರ್ತ್ ಅಕಾಕಸ್ ಅಂತ ಕಲ್ಲುಬೆಟ್ಟಗಳಿವೆ, 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಅಲ್ಲಿನ ಬಂಡೆಗಳ ಮೇಲೆ ಆನೆ, ಜಿರಾಫೆ, ದನದ ಮಂದೆ, ಕುಣಿಯೋ ಜನ, ಎಲ್ಲಾ ಬರೆದಿದ್ದಾರೆ ಕೊರೆದಿದ್ದಾರೆ. ಬಾಯಿಗೆ ಹನಿ ನೀರಿಲ್ಲದ ಜಾಗದಲ್ಲಿ ಆನೆ ಚಿತ್ರ ಬರೆದವನು ಆನೆ ಎಲ್ಲಿ ನೋಡಿದ? ಅಲ್ಲೇ ನೋಡಿದ. ಸುಮಾರು ಹನ್ನೊಂದು ಸಾವಿರ ವರ್ಷದಿಂದ ಐದು ಸಾವಿರ ವರ್ಷದ ಹಿಂದಿನವರೆಗೆ ಸಹಾರಾ ಹುಲ್ಲುಗಾವಲು. ಭೂಮಿ ಸೂರ್ಯನ ಸುತ್ತ ತಿರುಗೋ ಭಂಗಿ ನಿಧಾನಕ್ಕೆ ಬದಲಾಗ್ತಾ ಇರುತ್ತೆ, ಆಗ ಉತ್ತರಾರ್ಧಕ್ಕೆ ಬೇಸಿಗೇಲಿ ಬಿಸಿಲು ಜಾಸ್ತಿ ಬೀಳ್ತಿತ್ತು, ಅದಕ್ಕೆ ಆಫ್ರಿಕಾದ ಮಾನ್ಸೂನ್ ಎಷ್ಟೋ ಉತ್ತರಕ್ಕೆ ಹೋಗಿ ಮಳೆ ಸುರಿಸ್ತಿತ್ತು. ಅದೇ ಕಾಲಕ್ಕೆ ಅದೇ ಕಾರಣಕ್ಕೆ ನಮ್ಮ ಮುಂಗಾರು ಕೂಡ ಈಗಿಗಿಂತ ಜೋರಾಗಿತ್ತು. ಅಕಾಕಸ್ ಬೆಟ್ಟದ ತಕರ್ಕೋರಿ ಅನ್ನೋ ಗುಹೇಲಿ ಸಿಕ್ಕ ಮಡಕೆ ಚೂರುಗಳನ್ನ ಪರೀಕ್ಷೆ ಮಾಡಿದಾಗ ಒಳಗೆ ಹಾಲಿನ ಜಿಡ್ಡಿನ ಗುರುತು ಸಿಕ್ಕಿತು, ಸುಮಾರು ಏಳು ಸಾವಿರ ವರ್ಷದ ಹಿಂದಿನದು. ಹಾಲು ಕಾಯಿಸ್ತಿದ್ರೋ ಮೊಸರು ಹೆಪ್ಪು ಹಾಕ್ತಿದ್ರೋ, ಅಂತೂ ಅಲ್ಲೊಂದು ಅಡುಗೆಮನೆ ಇತ್ತು.

ಆ ಮಳೆ, ಅದಕ್ಕೂ ಹಿಂದಿನ ಮಳೆಗಾಲಗಳ ಮಳೆ ಎಲ್ಲಿ ಹೋಯ್ತು? ಒಂದಷ್ಟು ಹರಿದು ಆವಿ ಆಯ್ತು, ಮಿಕ್ಕಿದ್ದು ನೆಲಕ್ಕೆ ಇಳೀತು. ಇಲ್ಲಿ ಕಲ್ಲಿನ ವಿಷಯ ಸ್ವಲ್ಪ ಹೇಳ್ಬೇಕು. ನಮ್ಮ ಕೋಲಾರ ಚಿಕ್ಕಬಳ್ಳಾಪುರದ ಕೆಳಗಿರೋದು ಗಟ್ಟಿ ಗ್ರಾನೈಟು, ನೈಸು, ಅದರಲ್ಲಿ ನೀರು ಇರೋದು ಬಿರುಕಲ್ಲಿ ಮಾತ್ರ, ಬೋರ್ ಹಾಕಿದಾಗ ಬಿರುಕು ಸಿಕ್ರೆ ಪುಣ್ಯ ಇಲ್ಲಾಂದ್ರೆ ಧೂಳು. ಲಿಬಿಯಾ ದಕ್ಷಿಣದಲ್ಲಿ ಕೆಳಗಿರೋದು ನೂಬಿಯನ್ ಮರಳುಗಲ್ಲು, ಅದು ಸ್ಪಂಜಿನ ಥರ, ಕಣಕಣದ ಮಧ್ಯೆ ನೀರು ಹಿಡಿಯುತ್ತೆ, ಕೆಲವು ಕಡೆ ಸಾವಿರಾರು ಮೀಟರ್ ದಪ್ಪ. ಈಜಿಪ್ಟ್, ಸುಡಾನ್, ಚಾಡ್, ಲಿಬಿಯಾ ನಾಲ್ಕೂ ದೇಶದ ಕೆಳಗೆ ಸೇರಿ ಸುಮಾರು 20 ಲಕ್ಷ ಚದರ ಕಿಮೀ ಹರಡಿದೆ. ಅಲ್ಲಿಂದ ತೆಗೆಯೋ ನೀರಿನ ಬಹುಪಾಲು ಹತ್ತರಿಂದ ನಲವತ್ತು ಸಾವಿರ ವರ್ಷ ಹಳೇದು. ಈಗ ಮೇಲಿಂದ ತುಂಬೋದು ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಅಜ್ಜ ಇಟ್ಟುಹೋದ ಪೆಟ್ಟಿಗೆ, ತೆಗೆದಷ್ಟೂ ಖಾಲಿ.

ಇಂಥ ಪೆಟ್ಟಿಗೆಗೆ ಮೊದಲು ಕೈಹಾಕಿದವರು ಗರಮಾಂತರು. ಫೆಜ್ಜಾನ್ ಪ್ರದೇಶದಲ್ಲಿ ಕ್ರಿಸ್ತಪೂರ್ವ ಕಾಲದಿಂದ ಸಾವಿರ ವರ್ಷ ಹತ್ರ ಬಾಳಿದ ಜನ, ರಾಜಧಾನಿ ಗರಮ, ಈಗಿನ ಜೆರ್ಮಾ. ಅವರು ಬೆಟ್ಟದ ಬುಡದಲ್ಲಿ ಆಳ ಬಾವಿ ತೋಡಿ, ಅಲ್ಲಿಂದ ನೆಲದೊಳಗೇ ಸ್ವಲ್ಪ ಸ್ವಲ್ಪ ಇಳಿಜಾರಾಗಿ ಸುರಂಗ ಕೊರೆದು, ಮೈಲಿಗಟ್ಟಲೆ ದೂರದ ಹೊಲಕ್ಕೆ ನೀರು ತರ್ತಿದ್ರು, ಅಲ್ಲಲ್ಲಿ ಮೇಲಕ್ಕೆ ಗಾಳಿ ಕಿಂಡಿ. ಅದಕ್ಕೆ ಅಲ್ಲಿ ಫೊಗ್ಗಾರ ಅಂತಾರೆ. ಬೀದರ್ ಕಡೆಯವರು ಯಾರಾದ್ರೂ ಇದ್ದೀರಾ? ಹಿಂದಿನ ಸಾಲಲ್ಲಿ ಒಬ್ಬರು ಕೈ ಎತ್ತಿದ್ರು. ನಿಮ್ಮ ನೌಬಾದ್ ಕರೇಜ್ ಇದೆಯಲ್ಲ ಸಾರ್, ಬಹಮನಿ ಕಾಲದ್ದು, ಅದೇ ವಿದ್ಯೆ. ಪರ್ಷಿಯಾದ ಕಡೆಯಿಂದ ಇದು ಪಶ್ಚಿಮಕ್ಕೂ ಹೋಯ್ತು, ಪೂರ್ವಕ್ಕೂ ಬಂತು, ಸಹಾರಾ ನಡುವಿನ ಊರಿಗೂ ಬೀದರಿಗೂ ಹೀಗೊಂದು ನೆಂಟಸ್ತನ. ಪಂಪಿಲ್ಲ, ಕರೆಂಟಿಲ್ಲ, ಅಳತೆ ಸರಿ ಇದ್ರೆ ನೀರು ತಾನೇ ಬರುತ್ತೆ. ಆದ್ರೆ ಅಂತರ್ಜಲ ಕೆಳಗಿಳಿದ್ರೆ ಸುರಂಗ ಒಣಗುತ್ತೆ, ಮತ್ತೆ ಆಳ ಮಾಡ್ಬೇಕು, ಮತ್ತೆ ಇಳಿಯುತ್ತೆ. ಗರಮಾಂತರ ಅವನತಿಗೆ ಇದೂ ಒಂದು ದೊಡ್ಡ ಕಾರಣ ಅಂತ ಪುರಾತತ್ವದವರು ಹೇಳ್ತಾರೆ. ಕೇಳಿದ ಕಥೆ ಅನ್ಸುತ್ತಾ?

ಆ ಹಳೇ ನೀರು ಕಣ್ಣಿಗೆ ಕಾಣೋ ಜಾಗಾನೂ ಇದೆ. ಉಬಾರಿ ಮರಳು ದಿಣ್ಣೆಗಳ ನಡುವೆ ಗಬ್ರೂನ್, ಉಮ್ ಅಲ್ ಮಾ ಅಂತ ಕೆರೆಗಳು, ಸುತ್ತ ಖರ್ಜೂರದ ಮರ, ಫೋಟೋ ನೋಡಿದ್ರೆ ಯಾರೋ ಅಂಟಿಸಿದ್ದಾರೆ ಅನ್ಸುತ್ತೆ. ನೀರು ಸಮುದ್ರಕ್ಕಿಂತ ಉಪ್ಪು, ಯಾಕಂದ್ರೆ ಕೆಳಗಿಂದ ಬರೋ ನೀರು ಆವಿಯಾಗುತ್ತೆ, ಉಪ್ಪು ಹೋಗೋಕೆ ದಾರಿ ಇಲ್ಲ. ಅಲ್ಲಿದ್ದ ದವಾದ ಅನ್ನೋ ಜನ ಆ ಉಪ್ಪು ನೀರಲ್ಲಿ ಬದುಕೋ ಸಣ್ಣ ಸಿಗಡಿ ಥರದ ಹುಳು ಬಲೇಲಿ ಸೋಸಿ, ಒಣಗಿಸಿ, ಉಂಡೆ ಕಟ್ಟಿ ಮಾರ್ತಿದ್ರು. ಈಗ ಸರ್ಕಾರ ಅವರನ್ನ ಬೇರೆ ಕಡೆ ಎಬ್ಬಿಸಿ ಕೂರಿಸಿದೆ, ಒಂದೆರಡು ಕೆರೆ ಒಣಗೂ ಹೋಗಿವೆ.

ಎಣ್ಣೆ ಬಗ್ಗೆ ಹೇಳ್ಲಿಲ್ಲ ಅಂತ ಮುಂದಿನ ಸಾಲಿನವರು ಚಡಪಡಿಸ್ತಿದ್ದಾರೆ. ಹೇಳ್ತೀನಿ. 1951ರ ಡಿಸೆಂಬರ್ 24ಕ್ಕೆ ಲಿಬಿಯಾ ಸ್ವತಂತ್ರ ಆದಾಗ ಪ್ರಪಂಚದ ಕಡುಬಡ ದೇಶಗಳಲ್ಲಿ ಒಂದು. ಹೊರಗೆ ಮಾರೋದಕ್ಕೆ ಅಂತ ಇದ್ದಿದ್ದು ಏನು ಗೊತ್ತಾ, ಕಾಗದ ಮಾಡೋಕೆ ಬಳಸೋ ಎಸ್ಪಾರ್ಟೊ ಅನ್ನೋ ಒರಟು ಹುಲ್ಲು, ಮತ್ತೆ ಎರಡನೇ ಮಹಾಯುದ್ಧದಲ್ಲಿ ಮರಳಲ್ಲಿ ಬಿಟ್ಟುಹೋದ ಟ್ಯಾಂಕು ಲಾರಿಗಳ ಗುಜರಿ. ಎಣ್ಣೆ ಹುಡುಕೋಕೆ ಹೊರಟವರಿಗೂ ಆ ಯುದ್ಧದಲ್ಲಿ ಹೂತ ನೆಲಬಾಂಬ್‌ಗಳೇ ಮೊದಲ ಅಡ್ಡಿ. 1959ರಲ್ಲಿ ಸಿರ್ತ್ ಕೊಲ್ಲಿಯ ದಕ್ಷಿಣಕ್ಕೆ ಜೆಲ್ತೆನ್ ಅನ್ನೋ ಕಡೆ ಎಸ್ಸೊ ಕಂಪನಿಗೆ ದೊಡ್ಡ ನಿಕ್ಷೇಪ ಸಿಕ್ತು, 1961ರಲ್ಲಿ ಬ್ರೆಗಾ ಬಂದರಿನಿಂದ ಮೊದಲ ಹಡಗು ಹೊರಡ್ತು. ಆಮೇಲಿನದು ಲಾಟರಿ ಹೊಡೆದವರ ಕಥೆ.

ಆ ಎಣ್ಣೆ ಅಲ್ಲಿಗೆ ಬಂದಿದ್ದು ಹೇಗೆ ಅಂದ್ರೆ, ಹತ್ತು ಕೋಟಿ ವರ್ಷದ ಹಿಂದೆ ಆಸುಪಾಸು ಅಲ್ಲಿನ ನೆಲ ಸೀಳಿ ಕುಸಿಯೋಕೆ ಶುರುವಾಯ್ತು, ಸಮುದ್ರ ಒಳಗೆ ಬಂತು, ತಳದಲ್ಲಿ ಸತ್ತ ಸೂಕ್ಷ್ಮಜೀವಿಗಳು ಕೆಸರಿನ ಜೊತೆ ಕೂತು ಕಪ್ಪು ಜೇಡಿಕಲ್ಲಾಯ್ತು, ಮೇಲೆ ಮೇಲೆ ಪದರ ಬಿದ್ದು ಒಳಗೆ ಬೇಯ್ತು, ಅದರಿಂದ ಹೊರಟ ಎಣ್ಣೆ ಹಳೇ ಹವಳದ ದಿಬ್ಬದಂಥ ಸುಣ್ಣಕಲ್ಲುಗಳ ರಂಧ್ರಗಳಿಗೆ ಬಂದು ಕೂತ್ಕೊಳ್ತು, ಮೇಲೆ ನುಸುಳೋಕೆ ಆಗದ ಕಲ್ಲಿನ ಮುಚ್ಚಳ. ಇವತ್ತಿಗೂ ಆಫ್ರಿಕಾದಲ್ಲೇ ಅತಿ ದೊಡ್ಡ ನಿಕ್ಷೇಪ ಲಿಬಿಯಾದ್ದು, ಸುಮಾರು 4,800 ಕೋಟಿ ಬ್ಯಾರೆಲ್, ಅದರ ಬಹುಪಾಲು ಈ ಸಿರ್ತ್ ಪ್ರದೇಶದಲ್ಲೇ. ಗಂಧಕ ಕಮ್ಮಿ ಇರೋ ತೆಳು ಎಣ್ಣೆ, ಪೆಟ್ರೋಲ್ ಡೀಸೆಲ್ ಮಾಡೋಕೆ ಸಲೀಸು, ಯುರೋಪ್ ಎದುರುಮನೆ. 1967ರ ಅರಬ್-ಇಸ್ರೇಲ್ ಯುದ್ಧದಲ್ಲಿ ಸೂಯೆಜ್ ಕಾಲುವೆ ಮುಚ್ಚಿದಾಗ ಕೊಲ್ಲಿ ದೇಶಗಳ ಎಣ್ಣೆ ಆಫ್ರಿಕಾ ಸುತ್ತಿ ಬರ್ಬೇಕಾಯ್ತು, ಲಿಬಿಯಾದ್ದು ಸೀದಾ ಸಮುದ್ರ ದಾಟಿದ್ರೆ ಸಾಕು, 1970ರ ಹೊತ್ತಿಗೆ ದಿನಕ್ಕೆ 33 ಲಕ್ಷ ಬ್ಯಾರೆಲ್ ತನಕ ತೆಗೀತಿದ್ರು. ಈಗ ಅದರ ಅರ್ಧಕ್ಕಿಂತ ಕಮ್ಮಿ. ಗ್ಯಾಸೂ ಇದೆ, 2004ರಿಂದ ಸಮುದ್ರದಡಿ ಪೈಪಲ್ಲಿ ಸಿಸಿಲಿಗೆ ಹೋಗುತ್ತೆ. ಕಬ್ಬಿಣದ ಅದಿರು, ಜಿಪ್ಸಂ, ಉಪ್ಪು ಅಂತ ಪರೀಕ್ಷೆ ಪೇಪರಿನ ಪಟ್ಟಿ ಉದ್ದ ಇದೆ, ಫೆಜ್ಜಾನಿನ ವಾದಿ ಶಾತಿ ಅದಿರು ದೊಡ್ಡದೇ ಆದ್ರೂ ಯಾರೂ ಸರಿಯಾಗಿ ಮುಟ್ಟಿಲ್ಲ, ಅದನ್ನ ಇಲ್ಲಿಗೇ ಬಿಡೋಣ.

ನನಗೆ ಇಷ್ಟ ಆಗೋ ಭಾಗ ಇದು. ಅರ್ದಿತೊ ದೇಸಿಯೊ ಅಂತ ಇಟಲಿಯ ಭೂವಿಜ್ಞಾನಿ, ಮುಂದೆ 1954ರಲ್ಲಿ ಕೆ2 ಶಿಖರ ಹತ್ತಿದ ತಂಡದ ಮುಖ್ಯಸ್ಥ ಇವನೇ, 1930ರ ದಶಕದ ಕೊನೇಲಿ ಲಿಬಿಯಾದಲ್ಲಿ ನೀರಿಗೆ ಅಂತ ಬಾವಿ ಕೊರೆಸ್ತಿದ್ದಾಗ ಎಣ್ಣೆಯ ಕುರುಹು ಸಿಕ್ತು. ಆಗ ಅದನ್ನ ಕೆದಕೋಕೆ ಅವರ ಹತ್ರ ಸಲಕರಣೆ ಇರ್ಲಿಲ್ಲ. 1950-60ರ ದಶಕದಲ್ಲಿ ಬಂದ ಕಂಪನಿಗಳು ಎಣ್ಣೆಗೆ ಅಂತ ದಕ್ಷಿಣದಲ್ಲಿ ಕೊರೆದ್ರೆ ಸಿಹಿನೀರು ಉಕ್ಕಿತು. ನೀರು ಹುಡುಕಿದವನಿಗೆ ಎಣ್ಣೆ, ಎಣ್ಣೆ ಹುಡುಕಿದವರಿಗೆ ನೀರು. ಮೊದಮೊದಲು ಆ ನೀರನ್ನ ಕುಫ್ರಾದಲ್ಲೇ ಬಳಸಿದ್ರು, ನಡುವೆ ಒಂದು ಬೋರು, ಅದಕ್ಕೆ ಗಡಿಯಾರದ ಮುಳ್ಳಿನ ಹಾಗೆ ಸುತ್ತೋ ಉದ್ದ ಪೈಪು, ಒಂದೊಂದು ವೃತ್ತ ಒಂದು ಕಿಮೀ ಅಗಲ. ಮನೆಗೆ ಹೋಗಿ ಸ್ಯಾಟಲೈಟ್ ಮ್ಯಾಪಲ್ಲಿ ಕುಫ್ರಾ ಅಂತ ಹುಡುಕಿ, ಹಳದಿ ಬಟ್ಟೆ ಮೇಲೆ ಹಸಿರು ಬಿಂದಿ ಅಂಟಿಸಿದ ಹಾಗೆ ಕಾಣುತ್ತೆ.

ಆಮೇಲೆ ಲಿಬಿಯಾನ ನಾಲ್ಕು ದಶಕ ಆಳಿದ ಗಡಾಫಿ ಕಾಲ. ಜನ ಇರೋದು ಉತ್ತರದಲ್ಲಿ, ನೀರು ದಕ್ಷಿಣದಲ್ಲಿ, ಕರಾವಳಿಯ ಬಾವಿಗಳಲ್ಲಿ ಸಿಹಿನೀರು ಎಳೆದೂ ಎಳೆದೂ ಸಮುದ್ರದ ಉಪ್ಪು ಒಳಗೆ ಬರ್ತಿತ್ತು. ಹಾಗಾದ್ರೆ ನೀರನ್ನೇ ಜನರ ಹತ್ರ ತರೋಣ ಅಂತ 1984ರಲ್ಲಿ ಸರೀರ್ ಅನ್ನೋ ಕಡೆ ಅಡಿಗಲ್ಲು ಹಾಕಿದ್ರು, ಹೆಸರು ಮಹಾ ಮಾನವನಿರ್ಮಿತ ನದಿ. ಪೈಪಲ್ಲಿ ಹರಿಯೋ ನದಿ. ಹೊರಗಿನ ಸಾಲ ತಗೊಳ್ದೆ ಎಣ್ಣೆ ದುಡ್ಡಲ್ಲೇ ಕಟ್ಟಿದ್ರು. 1991ರಲ್ಲಿ ಬೆಂಗಾಜಿಗೆ ನೀರು ಬಂತು, 1996ರಲ್ಲಿ ಟ್ರಿಪೋಲಿಗೆ.

ಆ ಪೈಪಿನ ಸೈಜ್ ಹೇಳಿದ್ರೆ ನಂಬಲ್ಲ ನೀವು. ನಮ್ಮ ಭಾವ 80ರ ದಶಕದಲ್ಲಿ ಕೆಲಸಕ್ಕೆ ಅಂತ ಆ ಕಡೆ ಹೋಗಿದ್ರು, ಅವರ ಹಳೇ ಆಲ್ಬಮ್ಮಿನ ಫೋಟೋ ತಂದಿದೀನಿ, ಎಲ್ಲರೂ ಒಂದ್ಸಲ ನೋಡಿ ಮುಂದಕ್ಕೆ ಕಳಿಸಿ, ಬೆರಳಚ್ಚು ಮಾಡ್ಬೇಡಿ, ಅಕ್ಕ ಬೈತಾಳೆ. ಭಾವ ಪೈಪಿನ ಒಳಗೆ ನಿಂತು ಎರಡೂ ಕೈ ಮೇಲೆತ್ತಿದ್ದಾರೆ, ಆರಡಿ ಮನುಷ್ಯ, ಆದ್ರೂ ಮೇಲಿನ ಗೋಡೆಗೆ ಬೆರಳು ತಾಗಿಲ್ಲ. ನಾಲ್ಕು ಮೀಟರ್ ವ್ಯಾಸ, ಒಂದೊಂದು ತುಂಡು ಏಳು ಏಳೂವರೆ ಮೀಟರ್ ಉದ್ದ, ತೂಕ 70-80 ಟನ್. ಬ್ರೆಗಾದಲ್ಲಿ ಇದಕ್ಕೇ ಕಾರ್ಖಾನೆ ಹಾಕಿದ್ರು, ಇವನ್ನ ಹೊರೋ ಲಾರಿಗಳಿಗೆ ಅಂತಲೇ ಬೇರೆ ರಸ್ತೆ ಮಾಡಿದ್ರು. ನೀರಿನ ಒತ್ತಡಕ್ಕೆ ಕಾಂಕ್ರೀಟ್ ಸೀಳಬಾರದು ಅಂತ ಸುತ್ತ ಉಕ್ಕಿನ ತಂತಿ ಬಿಗಿಯಾಗಿ ಸುತ್ತಿರ್ತಾರೆ, ನಮ್ಮಲ್ಲಿ ಎತ್ತಿನಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಾ ಕಾಯಿಸಿ ಹಾಕಿ ತಣ್ಣೀರು ಸುರಿದ್ರೆ ಅದು ಕುಗ್ಗಿ ಮರವನ್ನ ಅವುಚಿಕೊಳ್ಳುತ್ತಲ್ಲ, ಆ ಥರದ ಬಿಗಿ. ಹತ್ತು ವರ್ಷ ಆಗೋ ಹೊತ್ತಿಗೆ ಮಣ್ಣಿನ ಉಪ್ಪಿಗೆ ಕೆಲವು ಕಡೆ ತಂತಿ ತುಕ್ಕು ಹಿಡಿದು ಪೈಪುಗಳು ಒಡೆದಿದ್ದೂ ಉಂಟು.

ದಕ್ಷಿಣದ ನೆಲ ಎತ್ತರ, ಕರಾವಳಿ ತಗ್ಗು, ಹಾಗಾಗಿ ಬೋರಿಂದ ಮೇಲೆ ಎತ್ತಿದ ಮೇಲೆ ನೀರು ಬಹುಪಾಲು ತನ್ನ ಪಾಡಿಗೆ ತಾನೇ ಇಳಿದು ಬರುತ್ತೆ. 1,300 ಬೋರುಗಳು, ಹೆಚ್ಚಿನವು 500 ಮೀಟರಿಗಿಂತ ಆಳ. ಪ್ಲಾನಿನ ಲೆಕ್ಕ ದಿನಕ್ಕೆ 65 ಲಕ್ಷ ಘನ ಮೀಟರ್, ಅಂದ್ರೆ 650 ಕೋಟಿ ಲೀಟರ್, ಬೆಂಗಳೂರಿಗೆ ಐದೂ ಹಂತ ಸೇರಿ ಬರೋ ಕಾವೇರಿ ನೀರಿನ ಸುಮಾರು ಮೂರು ಪಟ್ಟು. ಯಾರೋ ಕೇಳಿದ್ರು, ಎಷ್ಟು ವರ್ಷ ಬರುತ್ತೆ ಸಾರ್ ಅಂತ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಐವತ್ತು ನೂರು ಅನ್ನೋರಿಂದ ಹಿಡಿದು ಸಾವಿರಾರು ಅನ್ನೋರ ತನಕ. ಕೆಳಗೆ ಒಟ್ಟು ಎಷ್ಟಿದೆ ಅನ್ನೋದು ಬೇರೆ, ಎತ್ತೋ ಖರ್ಚಿಗೆ ಗಿಟ್ಟೋ ಆಳದಲ್ಲಿ ಎಷ್ಟಿದೆ ಅನ್ನೋದು ಬೇರೆ, ನಾವು ಕೋಲಾರದವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ನಾಲ್ಕು ದೇಶ ಸೇರಿ 2013ರಲ್ಲಿ ಒಟ್ಟಿಗೆ ನೋಡ್ಕೊಳ್ಳೋಣ ಅಂತ ಕಾರ್ಯಯೋಜನೆಗೆ ಸಹಿ ಏನೋ ಹಾಕಿದ್ದಾರೆ. ನನ್ನ ಭಯ ಬೇರೆ. ಗಡಾಫಿನ ಇಳಿಸಿದ 2011ರ ಯುದ್ಧದಲ್ಲಿ ಬ್ರೆಗಾದ ಪೈಪ್ ಕಾರ್ಖಾನೆ ಮೇಲೆ ನೇಟೋ ಬಾಂಬ್ ಬಿತ್ತು, ಟ್ರಿಪೋಲಿಗೆ ನೀರು ನಿಂತುಹೋಯ್ತು, ಆಮೇಲಿಂದ ಬಂದೂಕು ಹಿಡಿದ ಯಾವುದೋ ಗುಂಪು ಹೋಗಿ ಒಂದು ವಾಲ್ವ್ ತಿರುಗಿಸಿ ರಾಜಧಾನಿಗೆ ನೀರು ನಿಲ್ಲಿಸಿದ್ದು ಒಂದೆರಡು ಸಲ ಅಲ್ಲ. ನೆಲದ ಮೇಲೆ ಹರಿಯೋ ನದಿಗೆ ವಾಲ್ವ್ ಇಲ್ಲ, ಇದಕ್ಕಿದೆ.

ಈಗ ಈ ಡಬ್ಬಿ. ಹೌದು, ಇಂಗು, ಮನೆಯಿಂದ ತಂದಿದ್ದು, ಮುಚ್ಚಳ ತೆಗೆದ್ರೆ ಹಿಂದಿನ ಸಾಲಿಗೂ ಗೊತ್ತಾಗುತ್ತೆ. ಲಿಬಿಯಾದ ಪೂರ್ವದಲ್ಲಿ ಜೆಬೆಲ್ ಅಖ್ದರ್ ಅಂತ ಇದೆ, ಹಸಿರು ಬೆಟ್ಟ ಅಂತ ಅರ್ಥ, ಸುಣ್ಣಕಲ್ಲಿನ ಬೆಟ್ಟ, ಸಮುದ್ರದ ಮೇಲಿಂದ ಬರೋ ಚಳಿಗಾಲದ ಮೋಡ ತಡೆದು ವರ್ಷಕ್ಕೆ 500-600 ಮಿಮೀ ಮಳೆ ಹಿಡಿಯುತ್ತೆ. ಇಡೀ ದೇಶದಲ್ಲಿ ಕಾಡು ಅನ್ನೋದು ಇದ್ರೆ ಇಲ್ಲೇ. ಕ್ರಿಸ್ತಪೂರ್ವ 631ರಲ್ಲಿ ಗ್ರೀಕರು ಬಂದು ಇಲ್ಲಿ ಸಿರೀನ್ ಅನ್ನೋ ನಗರ ಕಟ್ಟಿದ್ರು, ಅದು ಶ್ರೀಮಂತ ಆಗಿದ್ದು ಸಿಲ್ಫಿಯಂ ಅನ್ನೋ ಒಂದು ಗಿಡದಿಂದ. ದಪ್ಪ ಕಾಂಡ, ಗೀಚಿದ್ರೆ ಅಂಟು ಸುರಿಯುತ್ತೆ, ಅದನ್ನ ಅಡುಗೆಗೂ ಔಷಧಿಗೂ ಬಂಗಾರದ ಬೆಲೆಗೆ ಮಾರ್ತಿದ್ರು, ತಮ್ಮ ನಾಣ್ಯದ ಮೇಲೂ ಅದರದ್ದೇ ಚಿತ್ರ. ಕಾಡಲ್ಲಿ ತಾನೇ ಬೆಳೀತಿತ್ತೇ ಹೊರತು ನೆಟ್ಟು ಬೆಳೆಸೋಕೆ ಆಗ್ಲಿಲ್ಲ, ಕಿತ್ತೂ ಕಿತ್ತೂ, ಜೊತೆಗೆ ಕುರಿ ಬಿಟ್ಟು ಮೇಯಿಸಿ, ಮುಗಿಸಿದ್ರು. ತನ್ನ ಕಾಲದಲ್ಲಿ ಒಂದೇ ಒಂದು ಗಿಡ ಸಿಕ್ತು, ಅದನ್ನ ನೀರೋ ಚಕ್ರವರ್ತಿಗೆ ಕಳಿಸಿದ್ರು ಅಂತ ರೋಮಿನ ಪ್ಲಿನಿ ಬರೆದಿದ್ದಾನೆ. ಸಿಲ್ಫಿಯಂ ಸಿಗದಾದಾಗ ರೋಮಿನ ಅಡುಗೆಯವರು ಬದಲಿಗೆ ತರಿಸಿಕೊಂಡಿದ್ದು ಪರ್ಷಿಯಾ ಕಡೆಯ ಇನ್ನೊಂದು ಅಂಟು, ವಾಸನೆ ಸ್ವಲ್ಪ ಒರಟು ಅಂತ ಮೂಗು ಮುರಿದುಕೊಂಡೇ. ಅದೇ ಇದು. ನಾವು ಸಾರಿಗೆ ಒಗ್ಗರಣೆ ಹಾಕೋ ಇಂಗು ರೋಮಿನವರ ಪಾಲಿಗೆ ಸೆಕೆಂಡ್ಸ್ ಮಾಲು.

ಇನ್ನೊಂದೇ ವಿಷಯ ಇರೋದು, ಆ ಹುಡುಗನ ಚುಕ್ಕಿ ಗೆರೆ. ಬಾರಪ್ಪ, ಮತ್ತೆ ಬೆರಳಿಡು. ಇದು ವಾದಿ ದೆರ್ನಾ, ಹಸಿರು ಬೆಟ್ಟದಿಂದ ಇಳಿದು ದೆರ್ನಾ ಅನ್ನೋ ಊರಿನ ನಟ್ಟನಡುವೆ ಸಮುದ್ರ ಸೇರುತ್ತೆ. 2023ರ ಸೆಪ್ಟೆಂಬರ್ 10ರಂದು ಡೇನಿಯಲ್ ಅನ್ನೋ ಚಂಡಮಾರುತ ಆ ಬೆಟ್ಟದ ಮೇಲೆ ಬಂದು ಕೂತ್ಕೊಳ್ತು. ಅಲ್ ಬೈದಾ ಅನ್ನೋ ಊರಲ್ಲಿ 24 ಗಂಟೇಲಿ 414 ಮಿಮೀ ಸುರೀತು. ಆಗುಂಬೆಯವರು ಅಂಥ ದಿನ ನೋಡಿದ್ದಾರೆ, ಅವರ ಮನೆ, ಮೋರಿ, ಹೊಳೆ ಎಲ್ಲ ಅದಕ್ಕೆ ಒಗ್ಗಿವೆ. ಇಲ್ಲಿ ವರ್ಷಪೂರ್ತಿ ಬೀಳೋ ಮಳೆಯ ಮುಕ್ಕಾಲು ಪಾಲು ಒಂದೇ ದಿನ ಬಂತು, ಅದೂ ಕಲ್ಲು ತೇಲಿದ ಬೋಳು ಇಳಿಜಾರಿನ ಮೇಲೆ. ವಾದಿಗೆ ಅಡ್ಡಲಾಗಿ 1970ರ ದಶಕದಲ್ಲಿ ಕಟ್ಟಿದ ಎರಡು ಡ್ಯಾಮ್ ಇತ್ತು, ಮಣ್ಣು ಕಲ್ಲು ಒಟ್ಟಿದ್ದು, ಯುಗೋಸ್ಲಾವಿಯದ ಕಂಪನಿ ಕಟ್ಟಿದ್ದು. 1998ರಲ್ಲೇ ಬಿರುಕು ಕಂಡಿತ್ತು. 2022ರಲ್ಲಿ ಅಲ್ಲಿನದೇ ಒಮರ್ ಅಲ್ ಮುಖ್ತಾರ್ ವಿಶ್ವವಿದ್ಯಾಲಯದ ಒಬ್ಬ ಇಂಜಿನಿಯರ್ ಪೇಪರ್ ಬರೆದು ದೊಡ್ಡ ಪ್ರವಾಹ ಬಂದ್ರೆ ಇವು ತಡೆಯಲ್ಲ ಅಂದಿದ್ರು. 11ರ ಬೆಳಗಿನ ಜಾವ ಮೇಲಿನ ಡ್ಯಾಮ್ ಹೋಯ್ತು, ಅದರ ನೀರಿಗೆ ಕೆಳಗಿನದೂ ಹೋಯ್ತು, ಊರಿನ ನಡುಭಾಗ ಬಹುಮಹಡಿ ಮನೆಗಳ ಸಮೇತ ಸಮುದ್ರಕ್ಕೆ ಹೋಯ್ತು. ಸತ್ತವರು ಸಾವಿರಾರು. ಲೆಕ್ಕ ಇವತ್ತಿಗೂ ಕೂಡಿಲ್ಲ.

ನಿಂತ್ಕೊಂಡೇ ಇದ್ದ ಹುಡುಗ ಕೇಳಿದ, ಹಳ್ಳದ ಪಕ್ಕ ಯಾಕ್ ಸಾರ್ ಅಷ್ಟು ಮನೆ ಕಟ್ಟಿದ್ರು ಅಂತ. 1959ರಲ್ಲೂ ಅಲ್ಲಿ ದೊಡ್ಡ ಪ್ರವಾಹ ಬಂದಿತ್ತು, ಡ್ಯಾಮ್ ಕಟ್ಟಿದ ಮೇಲೆ ಜನಕ್ಕೆ ಧೈರ್ಯ ಬಂತು ಅಂದೆ. ಅದಕ್ಕೂ ಮುಂಚೆ ಸಾರ್? ಅದಕ್ಕೂ ಮುಂಚೆ ಅಂದ್ರೆ, ಬೆಟ್ಟ ಸೀದಾ ಸಮುದ್ರಕ್ಕೆ ಇಳಿಯೋ ಆ ಕರಾವಳೀಲಿ ಮನೆ ಕಟ್ಟೋಕೆ, ದಾಳಿಂಬೆ ಬಾಳೆ ಹಾಕೋಕೆ ಸಮತಟ್ಟು ನೆಲ ಇದ್ದಿದ್ದೇ ಅಲ್ಲಿ, ಅಷ್ಟೂ ನೆಲ ಆ ವಾದೀನೇ ಸಾವಿರಾರು ವರ್ಷದಿಂದ ಒಂದೊಂದು ಪ್ರವಾಹಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ತಂದು ಹಾಸಿದ್ದು ಕಣಪ್ಪ.